ಉಂಡದ್ದು ಎಲ್ಲಿ ಹೋಗುತ್ತದೆ?

ಬೆಳಿಗ್ಗೆ ಏಳು ಗಂಟೆಗೆ ಯಾವ ಊರಿನ ರಕ್ತಪರೀಕ್ಷೆಯ ಲ್ಯಾಬಿಗೆ ಹೋದರೂ ಕಾಣುವ ನೋಟ ಒಂದೇ. ಖಾಲಿ ಹೊಟ್ಟೆಯಲ್ಲಿ ಬಂದು ಕೂತ ಹಿರಿಯರು, ಮಡಿಲಲ್ಲಿ ಹಳೆಯ ರಿಪೋರ್ಟುಗಳ ಪ್ಲಾಸ್ಟಿಕ್ ಕವರು, ರಕ್ತ ಕೊಟ್ಟ ಕೂಡಲೇ ತಿನ್ನಲೆಂದು ಚೀಲದಲ್ಲಿ ಇಡ್ಲಿ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ. ಮಾತಿನ ನಡುವೆ ಯಾರಾದರೊಬ್ಬರು ಗುಟ್ಟು ಬಿಟ್ಟುಕೊಡುತ್ತಾರೆ: ‘ಎರಡು ದಿನದಿಂದ ಸ್ವೀಟು ಮುಟ್ಟಿಲ್ಲ ಕಣ್ರೀ, ರಾತ್ರಿ ಬರೀ ಒಂದು ಚಪಾತಿ.’ ಪಕ್ಕದವರು ನಗುತ್ತಾರೆ. ಅವರೂ ಅದನ್ನೇ ಮಾಡಿಕೊಂಡು ಬಂದಿರುತ್ತಾರೆ. ಫಾಸ್ಟಿಂಗ್ ಶುಗರ್ ಈ ಉಪಾಯಕ್ಕೆ ಎಷ್ಟೋ ಸಲ ಬಗ್ಗುತ್ತದೆ. ಆದರೆ ಅದೇ ಹೊತ್ತಿಗೆ ತೆಗೆದ ಇನ್ನೊಂದು ಪುಟ್ಟ ಟ್ಯೂಬಿನ ರಕ್ತ ಎಚ್‌ಬಿಎ1ಸಿ ಪರೀಕ್ಷೆಗೆ ಹೋಗುತ್ತದಲ್ಲ, ಅದು ನಿನ್ನೆ ಮೊನ್ನೆಯ ಪಥ್ಯಕ್ಕೆ ಸೊಪ್ಪು ಹಾಕುವುದಿಲ್ಲ. ಎರಡು ತಿಂಗಳ ಹಿಂದಿನ ಮದುವೆಯೂಟ, ಹಬ್ಬದ ಹೋಳಿಗೆ, ದಿನಾ ಸಂಜೆ ಕಾಫಿ ಜೊತೆ ಸದ್ದಿಲ್ಲದೆ ಒಳಗೆ ಹೋದ ಬಿಸ್ಕತ್ತು, ಎಲ್ಲವನ್ನೂ ಸೇರಿಸಿ ಒಂದೇ ಅಂಕಿಯಲ್ಲಿ ಹೇಳಿಬಿಡುತ್ತದೆ.

ಹೇಗೆ ಹೇಳುತ್ತದೆ ಎನ್ನುವುದೇ ಸೋಜಿಗ. ರಕ್ತದಲ್ಲಿರುವ ಗ್ಲೂಕೋಸು ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ನಿಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಯಾವ ಕಿಣ್ವದ ನೆರವೂ ಬೇಡ, ದೇಹದ ಅಪ್ಪಣೆಯೂ ಬೇಡ. ಎರಡೂ ಒಂದೇ ಕಡೆ ಇದ್ದರೆ ಸಾಕು. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅಂಟು ಹೆಚ್ಚು. ಒಮ್ಮೆ ಗಟ್ಟಿಯಾಗಿ ಅಂಟಿತೋ, ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಅದಕ್ಕೆ ಕೋಶಕೇಂದ್ರವೇ ಇಲ್ಲ, ಹಾಗಾಗಿ ಹೊಸ ಪ್ರೋಟೀನು ಮಾಡಿಕೊಂಡು ಹಳೆಯದನ್ನು ಬದಲಿಸುವ ದಾರಿಯೂ ಇಲ್ಲ. ಹುಟ್ಟಿದ ದಿನದಿಂದ ಕಂಡ ಸಿಹಿಯನ್ನೆಲ್ಲ ಮೈಗಂಟಿಸಿಕೊಂಡೇ ಅದು ತಿರುಗುತ್ತದೆ. ಮಧುಮೇಹಿಗಳ ರಕ್ತದಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1960ರ ದಶಕದ ಕೊನೆಯಲ್ಲಿ ಗುರುತಿಸಿದವರು ಇರಾನಿನ ಟೆಹ್ರಾನಿನಲ್ಲಿದ್ದ ಸಾಮ್ಯುಯೆಲ್ ರಹಬರ್. ಇವತ್ತು ತಾಲ್ಲೂಕು ಕೇಂದ್ರದ ಲ್ಯಾಬುಗಳಲ್ಲೂ ಈ ಪರೀಕ್ಷೆ ನಡೆಯುತ್ತದೆ. (ರಕ್ತಹೀನತೆ ಇದ್ದವರಲ್ಲಿ ಈ ಲೆಕ್ಕ ಏರುಪೇರಾಗುವುದುಂಟು. ನಮ್ಮಲ್ಲಿ ರಕ್ತಹೀನತೆ ಎಷ್ಟು ವ್ಯಾಪಕ ಎಂದು ಗೊತ್ತಿರುವ ವೈದ್ಯರು ಒಂದೇ ಅಂಕಿ ನೋಡಿ ತೀರ್ಪು ಕೊಡುವುದಿಲ್ಲ.)

ಇದನ್ನು ಓದಿಕೊಂಡಾಗಿನಿಂದ ಕಾವಲಿಯ ಮುಂದೆ ನಿಂತರೆ ನನಗೆ ಇನ್ನೊಂದೇ ಯೋಚನೆ. ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಬಿಸಿಯಲ್ಲಿ ಕೂಡಿ ಕಂದು ಬಣ್ಣ, ಘಮ ಎರಡನ್ನೂ ಕೊಡುವ ಕ್ರಿಯೆಯನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ. ದೋಸೆಯ ಅಂಚು ಗರಿಗರಿಯಾಗಿ ಕೆಂಪಗಾಗುವುದರ ಹಿಂದೆ ಇರುವುದು ಅದೇ. ಆ ಕ್ರಿಯೆಯ ಮೊದಲ ಹೆಜ್ಜೆಗಳೇ ನಮ್ಮ ರಕ್ತದಲ್ಲೂ ನಡೆಯುತ್ತಿವೆ. ಕಾವಲಿಯ ಮೇಲೆ ಒಂದೆರಡು ನಿಮಿಷದ ಕೆಲಸ, ಮೈಯ 37 ಡಿಗ್ರಿ ಬಿಸಿಯಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ದೋಸೆ ತಿನ್ನುತ್ತ ಒಳಗೊಳಗೇ ನಾವೂ ಚೂರು ಚೂರು ಕೆಂಪಗಾಗುತ್ತಿದ್ದೇವೆ ಎಂದುಕೊಂಡರೆ ಭಯವಾಗಬೇಕು. ನನಗೇಕೋ ಭಯಕ್ಕಿಂತ ಬೆರಗೇ ಹೆಚ್ಚು.

ಧಾರವಾಡದ ಕಡೆ ರಾತ್ರಿ ಊಟವಾದ ಮೇಲೆ ‘ಶತಪಾವಲಿ’ ಎಂದು ನಾಲ್ಕು ಹೆಜ್ಜೆ ಅಡ್ಡಾಡಿ ಬರುವ ರೂಢಿ ಇದೆ. ಅದನ್ನು ಹಳಬರ ಶಾಸ್ತ್ರ ಎಂದು ನಗಬೇಕಾಗಿಲ್ಲ. ಸಾಮಾನ್ಯವಾಗಿ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳಬೇಕಾದರೆ ಇನ್ಸುಲಿನ್ ಬಂದು ಹೇಳಬೇಕು. ನಡೆಯುವಾಗ ಮಾತ್ರ ಸಂಕುಚಿಸುತ್ತಿರುವ ಕಾಲಿನ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆ ತಾನೇ ಬಾಗಿಲು ತೆರೆದುಕೊಳ್ಳುತ್ತದೆ. ಹಿಮೋಗ್ಲೋಬಿನ್ನಿಗೆ ಅಂಟಬಹುದಾಗಿದ್ದ ಸಕ್ಕರೆ ಮೀನಖಂಡದಲ್ಲಿ ಖರ್ಚಾಗುತ್ತದೆ. ಬೀದಿ ಕೊನೆಯವರೆಗೆ ಹೋಗಿ ಬರುವ ಅಜ್ಜ ಮೂರು ತಿಂಗಳ ಆಚೆಯ ರಿಪೋರ್ಟನ್ನು ತಿದ್ದುತ್ತಿರುತ್ತಾನೆ.

ನಮ್ಮ ಮಾತಿನಲ್ಲಿ ಊಟ ಈಗ ಬರೀ ಇಂಧನವಾಗಿದೆ. ಇಷ್ಟು ಕ್ಯಾಲರಿ ಒಳಗೆ, ಇಷ್ಟು ಕ್ಯಾಲರಿ ‘ಬರ್ನ್’. ವಿಜ್ಞಾನವೂ ಬಹುಕಾಲ ಹಾಗೇ ತಿಳಿದಿತ್ತು: ದೇಹ ಒಂದು ಎಂಜಿನ್, ಆಹಾರ ಅದರಲ್ಲಿ ಉರಿದು ಹೋಗುತ್ತದೆ. ಹಿಟ್ಲರನ ಜರ್ಮನಿ ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ರುಡಾಲ್ಫ್ ಶೋನ್‌ಹೈಮರ್, ಭಾರಜಲಜನಕ ಸೇರಿಸಿ ಗುರುತು ಮಾಡಿದ ಅಗಸೆ ಎಣ್ಣೆಯ ಕೊಬ್ಬನ್ನು 1935ರಲ್ಲಿ ಇಲಿಗಳಿಗೆ ತಿನ್ನಿಸಿ ನೋಡಿದ. ತಿಂದದ್ದು ನೇರವಾಗಿ ಉರಿದಿರಬೇಕಿತ್ತು. ಬಹುಪಾಲು ಸಿಕ್ಕಿದ್ದು ಇಲಿಗಳ ಮೈಯ ಕೊಬ್ಬಿನಲ್ಲಿ. ಹೊಸದು ಒಳಗೆ ಸೇರಿಕೊಂಡು ಹಳೆಯದು ಹೊರಟುಹೋಗಿತ್ತು. ಪ್ರೋಟೀನಿನ ಕಥೆಯೂ ಹಾಗೇ ಎಂದು ಆತ ಮುಂದೆ ತೋರಿಸಿದ. ಮನೆಮಂದಿ ಒಳಗೇ ಅಡುಗೆ ಮಾಡಿಕೊಂಡು, ಮಲಗಿ ಎದ್ದುಕೊಂಡಿರುವಾಗಲೇ ಹೆಂಚು ಬದಲಿಸುತ್ತ, ಗೋಡೆ ಕಟ್ಟುತ್ತ, ಒಂದು ದಿನವೂ ಗಾರೆಯವರು ರಜೆ ಹಾಕದ ಮನೆ ಈ ಮೈ. ಸಾಮಾನು ಬರುವುದು ಮಾತ್ರ ತಟ್ಟೆಯಿಂದ.

ಆದರೆ ಎಲ್ಲ ಗೋಡೆಗೂ ಒಂದೇ ವೇಗವಲ್ಲ, ನನ್ನ ಬೆರಗು ನಿಂತಿರುವುದೂ ಇಲ್ಲೇ. ಕರುಳಿನ ಒಳಪದರ ವಾರದೊಳಗೆ ಹೊಸದಾಗುತ್ತದೆ. ವಯಸ್ಕರ ಮೂಳೆ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಬದಲಾಗುತ್ತದೆ, ಅದೂ ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಗಟ್ಟಿಯಾಗುತ್ತ. ಹೃದಯದ ಸ್ನಾಯುಕೋಶಗಳು 25ರ ಹರೆಯದಲ್ಲಿ ವರ್ಷಕ್ಕೆ ಶೇಕಡಾ ಒಂದರಷ್ಟು ಮಾತ್ರ ಹೊಸವು. ಇದನ್ನು ಕಂಡುಹಿಡಿದ ಬಗೆ ಇನ್ನೂ ವಿಚಿತ್ರ. 1950ರ ದಶಕದಿಂದ 1963ರ ನಿಷೇಧ ಒಪ್ಪಂದದವರೆಗೆ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿತು. ಗಾಳಿಯಿಂದ ಅದು ಭತ್ತಕ್ಕೆ, ಗೋಧಿಗೆ, ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ ಇಳಿಯಿತು. ಆ ಅನ್ನ ಉಂಡವರ ಮೈಯಲ್ಲಿ ಆಗ ಹುಟ್ಟಿದ ಪ್ರತಿ ಕೋಶದ ಡಿಎನ್‌ಎಯಲ್ಲಿ ಆ ವರ್ಷದ ಮುದ್ರೆ ಬಿತ್ತು. ಸ್ಟಾಕ್‌ಹೋಮಿನ ಯೋನಾಸ್ ಫ್ರಿಸೆನ್ ಮತ್ತವರ ತಂಡ ಆ ಮುದ್ರೆ ಓದಿ ಕೋಶಗಳ ವಯಸ್ಸು ಹೇಳಿತು. ಯಾರದೋ ಸಮರ, ಎಲ್ಲಿಯದೋ ಮರುಭೂಮಿ. ಅದರ ಗುರುತು ಬಿದ್ದದ್ದು ಉಂಡ ಅನ್ನದ ದಾರಿಯಲ್ಲಿ.

ಇನ್ನು ಕೆಲವು ಗೋಡೆಗಳನ್ನು ಯಾರೂ ಮುಟ್ಟುವುದೇ ಇಲ್ಲ. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನು ತಾಯಿಯ ಹೊಟ್ಟೆಯಲ್ಲಿ ತಯಾರಾದದ್ದು, ಎಂಬತ್ತರ ಅಜ್ಜಿ ಈಗಲೂ ಅದರ ಮೂಲಕವೇ ನೋಡುತ್ತಾಳೆ. ಅಲ್ಲಿ ಸಕ್ಕರೆ ಅಂಟಿದರೆ 120 ದಿನಕ್ಕೆ ಮುಗಿಯುವ ವ್ಯವಹಾರವಲ್ಲ. ಸಕ್ಕರೆ ಕಾಯಿಲೆಯವರಿಗೆ ಪೊರೆ ಬೇಗ ಬರುವುದಕ್ಕೆ ಇದೂ ಒಂದು ಕಾರಣ. ಹಲ್ಲಿನ ಎನಾಮಲ್ ಕೂಡ ಹಾಗೇ. ಹಲ್ಲು ಮೂಡುವ ಹೊತ್ತಿಗೆ ಅದನ್ನು ಕಟ್ಟಿದ ಕೋಶಗಳೆಲ್ಲ ಸತ್ತುಹೋಗಿರುತ್ತವೆ. ಬಾಲ್ಯದಲ್ಲಿ ಏನು ಸೇರಿತೋ ಅದೇ ಕೊನೆಯವರೆಗೆ.

ತುಮಕೂರು ಜಿಲ್ಲೆಯ ಪಾವಗಡದ ಕಡೆ ಇದು ಪುಸ್ತಕದ ವಿಷಯವಲ್ಲ. ಅಲ್ಲಿಯ ಗ್ರಾನೈಟ್ ಬಂಡೆಯ ಸಂದಿಯಲ್ಲಿ ನಿಂತ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ಎಷ್ಟೋ ಕೊಳವೆಬಾವಿಗಳು ದಾಟಿವೆ. ಆ ನೀರು ಕುಡಿದು ಬೆಳೆದ ಮಕ್ಕಳು ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳು ಕಾಣುತ್ತವೆ. ಉಜ್ಜಿದರೆ ಹೋಗುವ ಬಣ್ಣವಲ್ಲ ಅದು, ಹಲ್ಲು ಕಟ್ಟುವಾಗಲೇ ಒಳಗೆ ಸೇರಿದ್ದು. ದೊಡ್ಡವರಾದ ಮೇಲೆ ಬೆಂಗಳೂರಿಗೆ ಬಂದು ಫಿಲ್ಟರ್ ನೀರು ಕುಡಿದರೂ ಊರ ಬಾವಿ ಬಾಯಲ್ಲೇ ಇರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದೇ ನೀರು ಮೂಳೆಗೆ ಮಾಡುವ ಹಾನಿ ಇನ್ನೂ ಜಾಸ್ತಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಬಹಳ ಕಡಿಮೆ. ತಟ್ಟೆಯಲ್ಲಿ ಮುದ್ದೆಯ ಜಾಗಕ್ಕೆ ಬರೀ ಅನ್ನ ಬಂದಾಗ ಹೋದದ್ದು ರುಚಿಯೊಂದೇ ಅಲ್ಲ ಎಂದು ಮೊಣಕಾಲಿಗೆ ತಿಳಿಯುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾನು ಅರ್ಧವೇ ಒಪ್ಪುತ್ತೇನೆ. ಊಟ ಬಲ್ಲವನೇ ಇರಬಹುದು, ನೀರು ಅವನ ಕೈಯಲ್ಲಿದೆಯೆ?

ಹಾಗೆ ನೋಡಿದರೆ ಹುಟ್ಟುವುದಕ್ಕೆ ಮುಂಚಿನ ಊಟವೂ ನಮ್ಮ ಕೈಯಲ್ಲಿರಲಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು, ಜೊತೆಗೆ ಬಸುರಿನಲ್ಲಿ ತಾಯಿಯ ತೂಕವನ್ನೂ. ಹೆರಿಗೆ ಮಾಡಿಸಿದ ಕೈಗಳು ಅಷ್ಟು ಶ್ರದ್ಧೆಯಿಂದ ಯಾಕೆ ಬರೆದಿಟ್ಟವೋ, ಅರವತ್ತು ವರ್ಷದ ಮೇಲೆ ಆ ಪುಟಗಳಿಗೆ ಬೆಲೆ ಬರುತ್ತದೆಂದು ಅವರು ಎಣಿಸಿರಲಾರರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲೂ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ದಾದಿಯ ಕಟ್ಟುನಿಟ್ಟಿನಲ್ಲಿ ಇಂಥದೇ ದಾಖಲೆ ಬೆಳೆದಿತ್ತು. ಅದನ್ನು ಹಿಡಿದು ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಹಸುಗೂಸಿನ ತೂಕಕ್ಕೂ ಮುಪ್ಪಿನ ಹೃದಯರೋಗಕ್ಕೂ ನಂಟಿದೆ ಎಂದಾಗ ಬಹಳ ಮಂದಿ ನಂಬಲಿಲ್ಲ. ಹಾಗಾದರೆ ಬೇರೆ ನೆಲದಲ್ಲಿ ಏನು ಕಾಣುತ್ತದೆ? ಬಾರ್ಕರ್, ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿ ಮೈಸೂರಿನಲ್ಲೇ ಉಳಿದಿದ್ದ 500ಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು: ಸಣ್ಣಗೆ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚು. ಅದರಲ್ಲೂ ತಾಯಿಯ ತೂಕವೇ ಕಡಿಮೆಯಿದ್ದವರ ಮಕ್ಕಳಿಗೆ.

ಕಾರಣದ ಬಗ್ಗೆ ವಾದಗಳಿವೆ. ಒಟ್ಟಿನಲ್ಲಿ ಒಪ್ಪಬಹುದಾದ ಮಾತು ಇಷ್ಟು: ಹೊಟ್ಟೆಯೊಳಗಿನ ಕೂಸಿಗೆ ಪೋಷಣೆ ಸಾಲದೆ ಬಂದರೆ ಅದು ಇದ್ದುದರಲ್ಲೇ ಮಿದುಳನ್ನು ಉಳಿಸಿಕೊಂಡು ಉಳಿದ ಕಡೆ ಕೈಬಿಗಿ ಮಾಡುತ್ತದೆ. ಮೂತ್ರಪಿಂಡ, ಮೇದೋಜೀರಕಾಂಗ, ಸ್ನಾಯು ಇವು ಸ್ವಲ್ಪ ಕಿರಿದಾಗಿಯೇ ಉಳಿಯುತ್ತವೆ. ಬರಗಾಲದ ಲೋಕಕ್ಕೆ ಸಿದ್ಧವಾಗಿ ಬಂದ ಮೈಗೆ ಮುಂದೆ ಸಿಗುವುದು ಬೇಕರಿ, ಸ್ಕೂಟರು, ಕೂತು ಮಾಡುವ ನೌಕರಿ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ, ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರದೂ 22.3. ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ‘ನೋಡಲು ಸಣ್ಣಗಿದ್ದಾರೆ, ಶುಗರ್ ಹೇಗೆ ಬಂತು?’ ಎಂದು ನೆಂಟರು ಕೇಳುವ ಪ್ರಶ್ನೆಗೆ ಇಷ್ಟು ಚೆಂದದ ಉತ್ತರವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಹಾಗೆಂದು ಹಣೆಬರಹ ಎಂದು ಕೈಚೆಲ್ಲಿ ಕೂರಬೇಕಿಲ್ಲ. ಹುಟ್ಟಿನ ತೂಕ ಒಂದು ಒಲವನ್ನು ಕೊಡುತ್ತದೆ, ಉಳಿದದ್ದನ್ನು ನಂತರದ ತಟ್ಟೆಯೂ ಕಾಲೂ ನಿದ್ದೆಯೂ ತೀರ್ಮಾನಿಸುತ್ತವೆ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬಹುದು. ಹೆಣ್ಣು ಭ್ರೂಣಕ್ಕೆ ಐದು ತಿಂಗಳಾಗುವ ಹೊತ್ತಿಗೆ ಅದರ ಅಂಡಾಶಯದಲ್ಲಿ 60–70 ಲಕ್ಷ ಅಂಡಕೋಶಗಳು ಇರುತ್ತವೆ. ಆಮೇಲೆ ಅವು ಕಡಿಮೆಯಾಗುತ್ತ ಹೋಗುತ್ತವೆ. ಅಂದರೆ ನಾನು ಯಾವ ಅಂಡದಿಂದ ಬಂದೆನೋ ಅದು ರೂಪುಗೊಂಡದ್ದು ನನ್ನ ಅಮ್ಮ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಾಗ. ಆ ತಿಂಗಳುಗಳಲ್ಲಿ ಅಜ್ಜಿ ಏನು ಉಂಡಳು? ‘ಬಸುರಿ ಜಾಸ್ತಿ ಉಂಡರೆ ಕೂಸು ದಪ್ಪ ಆಗುತ್ತೆ, ಹೆರಿಗೆ ಕಷ್ಟ’ ಎಂದು ಅತ್ತೆಯಂದಿರು ಹೇಳುತ್ತಿದ್ದ ಕಾಲ. ಗಂಡಸರು, ಮಕ್ಕಳು, ಆಳುಕಾಳು ಎಲ್ಲರೂ ಎದ್ದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಅವಳದು. ಸಾರಿನ ಗಟ್ಟಿಯೆಲ್ಲ ಮುಗಿದು ತಿಳಿ ಉಳಿದಿರುತ್ತಿತ್ತು. ಆಹಾರದ ಆಯ್ಕೆ ಎಂದು ಈಗ ಪತ್ರಿಕೆಗಳು ಬರೆಯುವಾಗ ಆ ಪಾತ್ರೆಯ ತಳ ನನಗೆ ನೆನಪಾಗುತ್ತದೆ. ಯಾರದೋ ಊಟದ ಆಯ್ಕೆಯನ್ನು ಇನ್ನಾರೋ ಮಾಡಿರುತ್ತಾರೆ, ಅದನ್ನು ಮೈಯಲ್ಲಿ ಹೊರುವವರು ಮೂರನೆಯವರು.

ಕರ್ನಾಟಕ ಸರ್ಕಾರ 2017ರ ಗಾಂಧಿ ಜಯಂತಿಯಂದು ಮಾತೃಪೂರ್ಣ ಯೋಜನೆ ಶುರುಮಾಡಿತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ: ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮನೆಗೆ ಕೊಟ್ಟರೆ ಎಲ್ಲರ ಪಾಲಾಗುತ್ತದೆ, ಅವಳ ಪಾಲಿಗೆ ಮತ್ತೆ ತಳವೇ ಎಂದೇ ಅಲ್ಲಿಗೆ ಬಂದು ಉಣ್ಣಬೇಕೆಂಬ ನಿಯಮ ಮಾಡಿದ್ದು. ಹೊಟ್ಟೆಯಲ್ಲಿರುವುದು ಹೆಣ್ಣುಕೂಸಾದರೆ ಆ ಒಂದು ತಟ್ಟೆಯಲ್ಲಿ ಉಣ್ಣುವವರು ಮೂರು ತಲೆಮಾರು. ಆದರೆ ಬಾಣಂತಿ ಹೊಸಿಲು ದಾಟಬಾರದು ಎನ್ನುವ ಮನೆಗಳುಂಟು, ಕೂಲಿ ಬಿಟ್ಟು ಮಧ್ಯಾಹ್ನ ಅಂಗನವಾಡಿಗೆ ನಡೆದು ಬರಲು ಆಗದ ಹೆಂಗಸರುಂಟು, ನಾಲ್ಕು ಜನರ ಮುಂದೆ ಕೂತು ಉಣ್ಣಲು ನಾಚುವವರುಂಟು. ಬಾರದವರ ಮನೆ ಯಾವುದು, ಅತ್ತೆ ಏನನ್ನುತ್ತಾರೆ ಎನ್ನುವುದೆಲ್ಲ ಆ ಊರಿನ ಅಂಗನವಾಡಿ ಕಾರ್ಯಕರ್ತೆಗೆ ಬಾಯಿಪಾಠ.