ಮುರಿದ ಯುದ್ಧಗೊಂಬೆಯ ದುರಸ್ತಿ ಮತ್ತು ಅಪ್ರಮಾದ

ಮುರಿದ ವಸ್ತುವನ್ನು ಸರಿಪಡಿಸಿಕೊಳ್ಳುವುದು ಗೃಹಸ್ಥನ ನಿತ್ಯದ ಕೆಲಸಗಳಲ್ಲೊಂದು. ಕಾಲು ಮುರಿದ ಮಣೆಯ ವಿಷಯದಲ್ಲಾಗಲಿ, ಬಿರುಕು ಬಿಟ್ಟ ಕೊಡದ ವಿಷಯದಲ್ಲಾಗಲಿ ಧರ್ಮಾಧರ್ಮಗಳ ಚರ್ಚೆ ಏಳುವುದಿಲ್ಲ. ಆದರೆ ಮುರಿದುದು ಯುದ್ಧದ ಆಟಕ್ಕೆಂದೇ ಮಾಡಿದ ಸೈನಿಕನ ಗೊಂಬೆಯಾಗಿದ್ದು, ಯಾರ ಇಚ್ಛೆಯೂ ಇಲ್ಲದೆ ಕೇವಲ ಇಟ್ಟ ಎಡೆಯ ದೋಷದಿಂದ ಮುರಿದಿದ್ದರೆ, ವಿಚಾರವಂತನ ಮನಸ್ಸಿನಲ್ಲಿ ಮೂರು ಶಂಕೆಗಳು ಉದ್ಭವಿಸುವುವು. ಆಕಸ್ಮಿಕ ನಷ್ಟದಲ್ಲಿ ದೋಷವುಂಟೆ? ಖಡ್ಗ ಹಿಡಿದ ಗೊಂಬೆಯ ಮುರಿದ ಕೈಯನ್ನು ಜೋಡಿಸುವುದು ಹಿಂಸೆಗೆ ನೆರವಾದಂತೆ ಆಗುವುದೆ? ಆ ಶ್ರಮವು ಕರ್ತವ್ಯವೋ, ಪರಿಗ್ರಹದ ಮೋಹವೋ? ಇಂಗ್ಲೆಂಡಿನಲ್ಲಿ ಬೆಳೆದ ಈ ಹವ್ಯಾಸವು ಸಮುದ್ರದಾಚೆ ನೆಲೆಸಿದ ನಮ್ಮ ಮನೆಗಳ ಮಕ್ಕಳ ಕೈಗೂ ಬರಬಹುದಾದುದರಿಂದ ಈ ಪ್ರಶ್ನೆಗಳು ನಮಗೆ ಪರಕೀಯವಲ್ಲ.

ಮೊದಲು ಈ ಆಟದ ಸ್ವರೂಪವನ್ನು ತಿಳಿಯೋಣ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬಾತನು ಯುದ್ಧವನ್ನು ಮೇಜಿನ ಮೇಲೆ ಆಡುವ ಒಂದು ಕ್ರೀಡೆಯನ್ನು ತನ್ನ ರಾಜನಿಗೆ ಅರ್ಪಿಸಿದನು. ಅವನ ಮಗನು 1824ರಲ್ಲಿ ಅದರ ನಿಯಮಗಳನ್ನು ಪ್ರಕಟಿಸಿದ ಮೇಲೆ ಅದು ಸೇನಾಧಿಕಾರಿಗಳ ಶಿಕ್ಷಣದ ಸಾಧನವಾಯಿತು. ಇಂಗ್ಲೆಂಡಿನಲ್ಲಿ 1893ರಲ್ಲಿ ವಿಲಿಯಂ ಬ್ರಿಟನ್ ಮನೆತನದವರು ಒಳಗೆ ಪೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯತೊಡಗಿದರು. ಆ ಗೊಂಬೆಗಳನ್ನು ನೆಲದ ಮೇಲೆ ಹರಡಿ ಆಡುವ ಕ್ರಮವನ್ನು ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ವಿವರಿಸಿದನು. ನಿಜವಾದ ಮಹಾಯುದ್ಧಕ್ಕಿಂತ ಈ ಚಿಕ್ಕ ಯುದ್ಧವೇ ಲೇಸೆಂಬುದು ಅವನ ಅಭಿಪ್ರಾಯವಾಗಿತ್ತು. ಮರುವರ್ಷವೇ ಯೂರೋಪಿನಲ್ಲಿ ಮಹಾಯುದ್ಧವು ತಲೆದೋರಿತು. 1975ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯು 1983ರಲ್ಲಿ 'ವಾರ್‌ಹ್ಯಾಮರ್' ಎಂಬ ಆಟವನ್ನು ಹೊರತಂದ ಮೇಲೆ ಕಲ್ಪಿತ ಲೋಕಗಳ ಸೈನ್ಯಗಳೂ ಮೇಜಿನ ಮೇಲೆ ಬಂದವು. ಸುಮಾರು 28 ಮಿಲಿಮೀಟರ್ ಎತ್ತರದ ಈ ಗೊಂಬೆಗಳನ್ನು ಆಡುವವನೇ ಜೋಡಿಸಿ, ಸಣ್ಣ ಕುಂಚದಿಂದ ಬಣ್ಣ ಹಚ್ಚುವನು. ಒಂದು ಸೈನ್ಯವು ಸಿದ್ಧವಾಗಲು ತಿಂಗಳುಗಳೇ ಹಿಡಿಯುವುವು. ಆದುದರಿಂದಲೇ ಅದು ಮುರಿದಾಗ ಆಗುವ ದುಃಖವೂ ಸಣ್ಣದಲ್ಲ.

ಸಂಗ್ರಹಿಸಿಟ್ಟ ಗೊಂಬೆಗಳಿಗೆ ಒದಗುವ ಕೇಡು ಮುಖ್ಯವಾಗಿ ಮೂರು ಬಗೆ. ಒಂದು, ಅಟ್ಟಣೆ ಕುಸಿದು ಅಥವಾ ಪೆಟ್ಟಿಗೆ ಜಾರಿ ಬೀಳುವುದು. ಲೋಹದ ಗೊಂಬೆಯು ತನ್ನ ಭಾರದಿಂದಲೇ ತಾನು ಮುರಿಯುವುದು. ಹಗುರವಾದ ಪ್ಲಾಸ್ಟಿಕ್ಕಿನದು ಅನೇಕ ವೇಳೆ ಉಳಿದುಕೊಳ್ಳುವುದು. ಎರಡು, ಬಿಸಿಲು ಬೀಳುವ ಎಡೆಯಲ್ಲಿಟ್ಟ ರಾಳದ ಗೊಂಬೆಗಳ ಈಟಿ ಕತ್ತಿಗಳು ಬಾಗಿಹೋಗುವುದು. ಮೂರನೆಯದು ಕಣ್ಣಿಗೆ ಕಾಣದಂತೆ ನಡೆಯುವಂಥದು. ಓಕ್ ಮರದ ಬೀರುವಿನಲ್ಲಿ ಸೀಸದ ಗೊಂಬೆಗಳನ್ನು ಮುಚ್ಚಿಟ್ಟರೆ, ಆ ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಯು ತೇವದೊಡನೆ ಸೇರಿ ಸೀಸವನ್ನು ತಿನ್ನತೊಡಗುವುದು. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಕೂಡಿ ಸೀಸವು ಬಿಳಿಯ ಕಾರ್ಬೊನೇಟ್ ಪುಡಿಯಾಗುವುದು. ಆಮ್ಲವು ಮತ್ತೆ ಬಿಡುಗಡೆ ಹೊಂದಿ ತನ್ನ ಕೆಲಸವನ್ನು ಮುಂದುವರಿಸುವುದು. ಗೊಂಬೆಯನ್ನು ಕಾಪಾಡಲೆಂದು ತಂದ ಒಳ್ಳೆಯ ಮರದ ಬೀರುವೇ ಅದರ ನಾಶಕ್ಕೆ ಕಾರಣವಾಗುವುದು ವಿಚಾರಾರ್ಹವಾದ ಸಂಗತಿ.

ಈಗ ಮೊದಲನೆಯ ಶಂಕೆ. ಇಲ್ಲಿ ದೋಷವುಂಟೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದ ಯೋಗವನ್ನು ಅದರೊಳಗೆ ಸೇರಿಸಿರುವರು. ಗೊಂಬೆಗೆ ಪ್ರಾಣವಿಲ್ಲವಾದ್ದರಿಂದ ಅದು ಮುರಿದರೆ ಪ್ರಾಣಘಾತವಾಗದು. ಆದರೂ ವಿಚಾರವು ಅಲ್ಲಿಗೇ ನಿಲ್ಲದು. ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು. ವಸ್ತುವನ್ನು ನೋಡಿ ಎತ್ತಿಕೊಳ್ಳಬೇಕು, ನೋಡಿ ಇಡಬೇಕು ಎಂಬುದು ಅದರ ಭಾವ. ಅಟ್ಟಣೆಯ ಅಂಚಿನಲ್ಲಿ ಪೆಟ್ಟಿಗೆಯಿಟ್ಟವನು ಇಂದು ಗೊಂಬೆಯನ್ನು ಮಾತ್ರ ಕಳೆದುಕೊಂಡನು. ಅದೇ ಅಭ್ಯಾಸದ ಕೈ ನಾಳೆ ಇರುವೆಯ ಸಾಲಿನ ಮೇಲೆ ಕೊಡವನ್ನಿಟ್ಟೀತು. ನಿರ್ಜೀವ ವಸ್ತುವಿನ ವಿಷಯದಲ್ಲಿ ಎಚ್ಚರ ತಪ್ಪುವ ಕೈಯೇ ಜೀವಿಯ ವಿಷಯದಲ್ಲಿಯೂ ಎಚ್ಚರ ತಪ್ಪುವುದು.

ಹಾಗೆಂದು ಎಲ್ಲ ಕೇಡನ್ನೂ ಪ್ರಮಾದವೆನ್ನಲಾಗದು. ಓಕ್ ಮರದ ಆವಿಯ ಗುಣವನ್ನರಿಯದವನು ಸದ್ಭಾವದಿಂದ ಬೀರುವಿನಲ್ಲಿಟ್ಟಿದ್ದರೆ ಅವನನ್ನು ದೂಷಿಸುವುದು ನ್ಯಾಯವಲ್ಲ. ಬಿಳಿಯ ಪುಡಿಯನ್ನು ಕಂಡು, ಕಾರಣವನ್ನು ತಿಳಿದ ಮೇಲೂ ಅಲ್ಲಿಯೇ ಬಿಟ್ಟವನಿಗೆ ಆ ವಿನಾಯಿತಿ ಇಲ್ಲ. ತಿಳಿವಳಿಕೆಯು ಹೊಣೆಯನ್ನು ಹೆಚ್ಚಿಸುವುದು.

ಇದಕ್ಕಿಂತ ಗಂಭೀರವಾದ ದೋಷವು ಪೆಟ್ಟಿಗೆ ಬಿದ್ದ ಮೇಲೆ ಹುಟ್ಟಬಹುದು. ಮನೆಯ ಮಗುವೊಂದು ಕುತೂಹಲದಿಂದ ಪೆಟ್ಟಿಗೆಯನ್ನು ಎಳೆಯಿತೆನ್ನಿ. ಮುರಿದವನ್ನು ಎಣಿಸುವ ಮುನ್ನವೇ ಹಿರಿಯನ ಕೈ ಮೇಲೆದ್ದರೆ, ಗೊಂಬೆ ಮುರಿದಾಗ ಆಗದಿದ್ದ ಹಿಂಸೆಯು ಆಗ ನಿಜವಾಗಿಯೂ ಆಗುವುದು. ಗೊಂಬೆಯ ಕತ್ತನ್ನು ಮತ್ತೆ ಕೂಡಿಸಬಹುದು. ಕಠೋರ ವಚನದಿಂದ ಬೆದರಿದ ಮಗುವಿನ ಮನಸ್ಸಿಗೆ ಅಂಥ ಅಂಟು ದೊರೆಯದು.

ಎರಡನೆಯ ಶಂಕೆ ಹೆಚ್ಚು ಕಠಿನವಾದುದು. ಅನರ್ಥದಂಡಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವನ್ನೂ, ಅಂದರೆ ಕೊಲ್ಲುವ ಉಪಕರಣಗಳನ್ನು ಇತರರಿಗೆ ಕೊಡುವುದನ್ನೂ ಸೇರಿಸಿರುವರು. ಸೀಸದ ಖಡ್ಗವನ್ನು ನೆಟ್ಟಗೆ ಮಾಡಿಕೊಟ್ಟರೆ ಅದು ಹಿಂಸಾದಾನವೆ? ಆ ಖಡ್ಗವು ಯಾರನ್ನೂ ಕಡಿಯಲಾರದು. ಆದುದರಿಂದ ಅಲ್ಲವೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ 1209ರಲ್ಲಿ ಜನ್ನನು ಕನ್ನಡದಲ್ಲಿ ಬರೆದ ಯಶೋಧರ ಚರಿತೆಯನ್ನು ಬಲ್ಲವರು ಅಷ್ಟು ಸುಲಭವಾಗಿ ಹೇಳಲಾರರು. ಅಲ್ಲಿ ಕಡಿದದ್ದು ಹಿಟ್ಟಿನ ಕೋಳಿಯನ್ನು. ಆದರೂ ಬಲಿ ಕೊಡುವ ಸಂಕಲ್ಪವಿದ್ದುದರಿಂದ ತಾಯಿಮಕ್ಕಳಿಬ್ಬರೂ ಭವಭವಗಳಲ್ಲಿ ತಿರ್ಯಗ್ಗತಿಯ ದುಃಖವನ್ನುಂಡರು. ಪ್ರತಿಮೆಯು ನಿರ್ಜೀವವೆಂಬುದು ಸಂಕಲ್ಪಕ್ಕೆ ರಕ್ಷೆಯಾಗಲಿಲ್ಲ.

ಇದಕ್ಕೆ ಎದುರಾಗಿ ಆದಿಪುರಾಣದ ಕಥೆಯಿದೆ. ಭರತ ಬಾಹುಬಲಿಗಳ ಸೈನ್ಯಗಳು ಎದುರಾದಾಗ ವೃಥಾ ಜೀವಘಾತವಾಗಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ನಿಜಯುದ್ಧಕ್ಕೆ ಬದಲಾಗಿ ನಿಯಮಬದ್ಧ ಸ್ಪರ್ಧೆಯನ್ನು ತಂದು ಅಸಂಖ್ಯ ಪ್ರಾಣಗಳನ್ನು ಉಳಿಸಿದರು. ವೆಲ್ಸನ ಮಾತಿನಲ್ಲಿಯೂ ಇದೇ ಜಾಡಿನ ವಿವೇಕವುಂಟು. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಸೋತ ಭರತನು ಕ್ರೋಧದಿಂದ ಚಕ್ರವನ್ನು ಪ್ರಯೋಗಿಸಿದನು. ರಕ್ತವಿಲ್ಲದ ಸ್ಪರ್ಧೆಯೂ ಕಷಾಯವನ್ನು ಕೆರಳಿಸಬಲ್ಲದು.

ಈ ಎರಡು ಕಥೆಗಳನ್ನೂ ಕೂಡಿಸಿ ನೋಡಿದರೆ ಸಮಾಧಾನವು ದೊರೆಯುವುದು. ಗೊಂಬೆಯ ಕೈಯಲ್ಲಿ ಆಯುಧವಿದೆಯೆ ಎಂಬುದಕ್ಕಿಂತ, ಆಡುವವನ ಮನಸ್ಸಿನಲ್ಲಿ ಏನಿದೆ ಎಂಬುದು ಮುಖ್ಯ. ಎದುರಾಳಿಯ ಗೊಂಬೆಗಳು ಮೇಜಿನಿಂದ ತೆಗೆಯಲ್ಪಟ್ಟಾಗ ಕೊಂದೆನೆಂದು ಹಿಗ್ಗುವವನಿಗೆ ಅದು ಹಿಂಸಾನಂದದ ರೌದ್ರಧ್ಯಾನವೇ ಸರಿ. ಅವನಿಗೆ ಆ ಆಟವು ತಕ್ಕುದಲ್ಲ. ವ್ಯೂಹವನ್ನೂ ಇತಿಹಾಸವನ್ನೂ ಅರಿಯಲು, ಸೋಲನ್ನು ನಗುತ್ತ ಒಪ್ಪಲು ಕಲಿಯುವವನ ಸ್ಥಿತಿ ಬೇರೆ. ದುರಸ್ತಿ ಮಾಡುವವನಿಗಂತೂ ಆ ಗಳಿಗೆಯಲ್ಲಿ ಶತ್ರುವೇ ಇಲ್ಲ. ಎರಡು ಪಕ್ಷಗಳ ಗೊಂಬೆಗಳೂ ಅವನ ಮೇಜಿನ ಮೇಲೆ ಸಮಾನವಾಗಿ ಮಲಗಿರುವುವು.

ಆದರೆ ಸೀಸದ ಖಡ್ಗದಲ್ಲಿ ಹಿಂಸೆಯನ್ನು ಹುಡುಕುವ ಕಣ್ಣು, ತನ್ನ ಕೈಯಲ್ಲಿರುವ ಕುಂಚವನ್ನು ಕಾಣದೆ ಹೋಗಬಹುದು. ಇಂಥ ಸೂಕ್ಷ್ಮ ಕೆಲಸಕ್ಕೆ ಅತ್ಯುತ್ತಮವೆಂದು ಹೊಗಳಿಸಿಕೊಳ್ಳುವ ಕೊಲಿನ್ಸ್ಕಿ ಸೇಬಲ್ ಕುಂಚವನ್ನು ಸೈಬೀರಿಯದ ವೀಸಲ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಯ ಬಾಲದ ರೋಮದಿಂದ ಮಾಡುವರು. ಆ ರೋಮವು ಕೊಂದ ಪ್ರಾಣಿಯಿಂದ ಬರುವಂಥದು. ಗೊಂಬೆಯ ಯುದ್ಧದಲ್ಲಿ ಯಾರೂ ಸಾಯಲಿಲ್ಲ. ಗೊಂಬೆಗೆ ಬಣ್ಣ ಹಚ್ಚಲು ಒಂದು ಪಂಚೇಂದ್ರಿಯ ಜೀವವು ಸತ್ತಿತು. ತಾನು ಕೊಲ್ಲಲಿಲ್ಲವೆಂದರೆ ಸಾಲದು. ಕೃತ, ಕಾರಿತ, ಅನುಮೋದನಗಳೆಂಬ ಮೂರು ದ್ವಾರಗಳನ್ನೂ ಆಚಾರ್ಯರು ತೋರಿಸಿರುವರು. ಕೃತಕ ನಾರಿನ ಕುಂಚಗಳು ಎಲ್ಲೆಡೆ ದೊರೆಯುವುವು. ಅವುಗಳ ಮೊನೆ ಬೇಗ ಬಾಗಬಹುದು, ಆದರೆ ಅವು ಕೆಲಸಕ್ಕೆ ಸಾಲುವುವು. ಹಾಗೆಯೇ ಸೀಸದ ಬಿಳಿಯ ಪುಡಿಯು ವಿಷ. ಅದನ್ನು ಒಣಗಿದಂತೆಯೇ ಉಜ್ಜಿ ಹಾರಿಸಬಾರದು, ನೀರಿಗೆ ಚೆಲ್ಲಲೂ ಬಾರದು. ಕೈಚೀಲ, ಮುಖವಸ್ತ್ರಗಳನ್ನು ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳ ಕೈಗೆ ಸಿಗದಂತೆ ಮುಚ್ಚಿ ತಕ್ಕ ಎಡೆಗೆ ಒಪ್ಪಿಸಬೇಕು. ನೀರಿನಲ್ಲಿರುವ ಜೀವರಾಶಿಯನ್ನು ನೆನೆದು ನೀರನ್ನು ಸೋಸಿ ಕುಡಿಯುವ ಮನೆತನಗಳಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇನ್ನು ದುರಸ್ತಿಯ ಕ್ರಮ. ಎಲ್ಲಕ್ಕೂ ಒಂದೇ ಅಂಟು ಸಲ್ಲದು. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಹಚ್ಚುವ ದ್ರಾವಣವು ಎರಡು ಅಂಚುಗಳನ್ನೂ ಕರಗಿಸಿ ಒಂದಾಗಿಸುವುದು. ಲೋಹಕ್ಕೂ ರಾಳಕ್ಕೂ ಅದು ನಿಷ್ಪ್ರಯೋಜಕ. ಅಲ್ಲಿ ಸಯನೊಆಕ್ರಿಲೇಟ್ ಎಂಬ ಶೀಘ್ರದ ಅಂಟು ಬೇಕು. ಅದು ಎಳೆತವನ್ನು ತಾಳಿದರೂ ಪಕ್ಕದ ಪೆಟ್ಟಿಗೆ ಪಟ್ಟನೆ ಬಿಡುವುದು. ಆದುದರಿಂದ ಎರಡು ತುಂಡುಗಳಲ್ಲಿಯೂ ಸಣ್ಣ ರಂಧ್ರ ಕೊರೆದು ಒಳಗೆ ಹಿತ್ತಾಳೆಯ ತಂತಿಯನ್ನು ಕೂಡಿಸುವರು. ಹಳೆಯ ಪೊಳ್ಳು ಗೊಂಬೆಗಳ ಮುರಿದ ತಲೆಯನ್ನು ಕತ್ತಿನೊಳಗೆ ಬೆಂಕಿಕಡ್ಡಿಯೊಂದನ್ನಿಟ್ಟು ನಿಲ್ಲಿಸುವುದು ಇಂಗ್ಲೆಂಡಿನ ಮನೆಗಳಲ್ಲಿ ರೂಢಿಯಾಗಿದ್ದ ಉಪಾಯ. ಬಿಸಿಲಿಗೆ ಬಾಗಿದ ರಾಳದ ಈಟಿಯನ್ನು ಬಿಸಿನೀರಿನಲ್ಲಿ ಮೃದುಗೊಳಿಸಿ, ನೆಟ್ಟಗೆ ಹಿಡಿದು, ತಣ್ಣೀರಿನಲ್ಲಿ ಅದ್ದುವರು. ಸೀಸದ ರೋಗಕ್ಕೆ ಮಾತ್ರ ಮೇಲೆ ಬಣ್ಣ ಹಚ್ಚಿದರೆ ಪರಿಹಾರವಾಗದು. ಬೀರುವನ್ನೇ ಬದಲಿಸಬೇಕು, ಲೋಹದ ಕಪಾಟಿನಲ್ಲೋ ಪಾಲಿಥೀನ್ ಪೆಟ್ಟಿಗೆಯಲ್ಲೋ ತೇವವಿಲ್ಲದಂತೆ ಇಡಬೇಕು. ಪ್ರಾಯಶ್ಚಿತ್ತದ ವಿಷಯವೂ ಹೀಗೆಯೇ. ದೋಷಕ್ಕೆ ಎಡೆಗೊಟ್ಟ ಪರಿಸ್ಥಿತಿಯನ್ನು ಹಾಗೆಯೇ ಉಳಿಸಿಕೊಂಡು ಒಂದು ದಿನ ಉಪವಾಸ ಮಾಡಿದರೆ, ಮರುದಿನ ಅದೇ ದೋಷವು ಮರಳುವುದು.

ದುರಸ್ತಿಯಾದ ಗೊಂಬೆಯನ್ನು ಮಾರುವ ಪ್ರಸಂಗ ಬಂದರೆ ಅಚೌರ್ಯವ್ರತದ ಪರೀಕ್ಷೆಯೂ ಎದುರಾಗುವುದು. ಹಳೆಯ ಸೀಸದ ಸೈನಿಕರಿಗೆ ಸಂಗ್ರಾಹಕರಲ್ಲಿ ಬೆಲೆಯುಂಟು; ಮೂಲದ ಬಣ್ಣ ಉಳಿದಿದ್ದರೆ ಹೆಚ್ಚು, ಮರುಬಣ್ಣವಾಗಿದ್ದರೆ ಕಡಿಮೆ. ಕೂಡಿಸಿದ ಗೆರೆಯನ್ನು ಮರೆಸಿ, ಮುರಿಯದ ವಸ್ತುವೆಂದು ಮಾರಿದರೆ ಅದು ಪ್ರತಿರೂಪಕ ವ್ಯವಹಾರವೆಂಬ ಅತಿಚಾರ. ಅಂದವಾಗಿ ಸರಿಪಡಿಸುವುದರಲ್ಲಿ ತಪ್ಪಿಲ್ಲ. ಸರಿಪಡಿಸಿದ್ದನ್ನು ಹೇಳದಿರುವುದು ತಪ್ಪು.

ಮೂರನೆಯ ಶಂಕೆಗೆ ಈಗ ಉತ್ತರ ಹೇಳಬಹುದು. ಪರಿಗ್ರಹವೆಂಬುದು ವಸ್ತುವಿನ ಸಂಖ್ಯೆಗಿಂತ ಅದರ ಮೇಲಣ ಮಮತ್ವದಲ್ಲಿ ನೆಲೆಸಿದೆ. ಮುರಿದುದನ್ನು ಎಸೆದು ಹೊಸದನ್ನು ಕೊಳ್ಳುವುದು ನಿರ್ಮೋಹದಂತೆ ತೋರಬಹುದು. ವಾಸ್ತವವಾಗಿ ಅದು ಆಸೆಯ ಇನ್ನೊಂದು ಹೆಜ್ಜೆ. ಇದ್ದುದನ್ನು ಸರಿಪಡಿಸಿಕೊಂಡು ಹೊಸದನ್ನು ಬೇಡವೆನ್ನುವುದು ಪರಿಗ್ರಹ ಪರಿಮಾಣಕ್ಕೆ ಹತ್ತಿರವಾದುದು. ಆದರೆ ದುರಸ್ತಿಗೂ ಮಿತಿ ಬೇಕು. ಪೂರ್ತಿ ಪುಡಿಯಾದ ಗೊಂಬೆಯ ಮುಂದೆ ಊಟ ನಿದ್ರೆಗಳನ್ನು ಬಿಟ್ಟು ಕುಳಿತವನನ್ನು, ಇಷ್ಟವಿಯೋಗದ ಆರ್ತಧ್ಯಾನವು ಹಿಡಿದಿದೆಯೆಂದು ತಿಳಿಯಬೇಕು. ಸರಿಹೋಗುವುದನ್ನು ಶ್ರದ್ಧೆಯಿಂದ ಸರಿಪಡಿಸಿ, ಸರಿಹೋಗದುದನ್ನು ಶಾಂತಿಯಿಂದ ಬಿಡುವುದೇ ಗೃಹಸ್ಥನಿಗೆ ಉಚಿತವಾದ ದಾರಿ.

ಮನೆಯಲ್ಲಿ ಹೀಗೊಂದು ಪೆಟ್ಟಿಗೆ ಬಿದ್ದರೆ, ಪೆಟ್ಟಿಗೆ ಎಳೆದ ಮಗುವನ್ನೇ ಹಿರಿಯರು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಅಂಟಿನ ಕೆಲಸವನ್ನು ತಾವು ಮಾಡಿ, ತುಂಡುಗಳನ್ನು ಗುರುತಿಸುವ ಕೆಲಸವನ್ನು ಅದಕ್ಕೆ ಕೊಡಲಿ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಅದನ್ನೇ ಕೇಳಲಿ. ಆದಾನನಿಕ್ಷೇಪಣದ ಮೊದಲ ಪಾಠವು ಅದಕ್ಕೆ ಹಾಗೆಯೇ ದೊರೆಯಬಲ್ಲದು.