ಸಾಕೆನ್ನುವ ಅಳತೆ

ನನ್ನ ಲ್ಯಾಪ್‌ಟಾಪಿಗೆ ಒಂಬತ್ತು ತುಂಬಿ ಹತ್ತು ನಡೆಯುತ್ತಿತ್ತು. 2016ರಲ್ಲಿ 32,000 ರೂಪಾಯಿಗೆ ಕೊಂಡದ್ದು. ಈಚೀಚೆಗೆ ಬೆಳಿಗ್ಗೆ ಅದರ ಗುಂಡಿ ಒತ್ತಿ, ಹಾಲು ಕಾಯಿಸಿ, ಕಾಫಿ ಬೆರೆಸಿ ತಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ಬ್ಯಾಟರಿ ಸತ್ತು ಎರಡು ಮಳೆಗಾಲ ಕಳೆದಿದ್ದವು. ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವುದು ನಿಮಗೆ ಗೊತ್ತಿದ್ದದ್ದೇ. ಕರೆಂಟಿನ ಜೊತೆಗೆ ನಾನು ಬರೆದ ಪ್ರಶ್ನೆಪತ್ರಿಕೆಯೂ ಹೋಗುತ್ತಿತ್ತು. ಇದರ ಮೇಲೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ನನ್ನ ಯಂತ್ರದ ಪ್ರೊಸೆಸರ್ ಅದರ ಪಟ್ಟಿಯಲ್ಲಿಯೇ ಇರಲಿಲ್ಲ. ಅಲ್ಲಿಗೆ ಹೊಸದು ಕೊಳ್ಳುವುದು ನಿಶ್ಚಯವಾಯಿತು. ಎಂಥದು ಎನ್ನುವುದೊಂದೇ ಉಳಿದ ಪ್ರಶ್ನೆ. ಅದು ಅಂಗಡಿಯವನು ಉತ್ತರಿಸಬಹುದಾದ ಪ್ರಶ್ನೆ ಎಂದೇ ನಾನೂ ತಿಳಿದಿದ್ದೆ.

ನನ್ನ ಕಷ್ಟವೇನೆಂದರೆ, ನನಗೆ ಒಂದು ಆಪರೇಟಿಂಗ್ ಸಿಸ್ಟಂ ಸಾಲದು, ಮೂರು ಬೇಕು. ಕಚೇರಿಗೆ ಕಳಿಸುವ ಅಂಕಪಟ್ಟಿ, ವರದಿಗಳಿಗೆ ಈಗಿನ ವಿಂಡೋಸ್. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿರುವುದು ಉಬುಂಟು, ಅಂದರೆ ಲಿನಕ್ಸ್. ಅಲ್ಲಿ ಮಕ್ಕಳಿಗೆ ತೋರಿಸುವುದನ್ನು ಹಿಂದಿನ ರಾತ್ರಿ ನಾನು ಮನೆಯಲ್ಲಿ ಮಾಡಿ ನೋಡದಿದ್ದರೆ ಮರುದಿನ ಅವರ ಮುಂದೆ ತಡವರಿಸಬೇಕಾಗುತ್ತದೆ. ಮೂರನೆಯದು ಹಳೆಯ ವಿಂಡೋಸ್ ಎಕ್ಸ್‌ಪಿ ಮತ್ತು ಅದರಲ್ಲಿದ್ದ ಹಳೆಯ ನುಡಿ ತಂತ್ರಾಂಶ. ಇದು ಏಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನನ್ನ ತಂದೆ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ನೀರಿನಡಿಗೆ ಹೋದ ಊರುಗಳಲ್ಲಿ ನಮ್ಮದೂ ಒಂದು. ನಾನು ಹುಟ್ಟಿದ್ದು ಆಮೇಲೆ, ಹೊಸ ಊರಿನಲ್ಲಿ. ಅಪ್ಪ ಆ ಊರಿನ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. 2006ರ ಬೇಸಿಗೆ ರಜೆಯಲ್ಲಿ, ಎಪ್ಪತ್ತು ತುಂಬಿದ ಮೇಲೆ, "ನಾನು ಹೇಳ್ತೀನಿ, ನೀನು ಬರಕೋ" ಎಂದರು. ದಿನಕ್ಕೆರಡು ಗಂಟೆಯಂತೆ ಅವರು ಹೇಳಿದರು, ನಾನು ನುಡಿಯಲ್ಲಿ ಟೈಪು ಮಾಡಿದೆ. ಒಟ್ಟು 140 ಪುಟ. ಯಾರ ಮನೆಯ ಹಿತ್ತಿಲಲ್ಲಿ ಯಾವ ಹಲಸಿನ ಮರ, ಯಾವ ಗದ್ದೆಗೆ ಯಾವ ಹಳ್ಳದ ನೀರು, ಎಲ್ಲವೂ ಅದರಲ್ಲಿದೆ. 2011ರಲ್ಲಿ ಅಪ್ಪ ತೀರಿಕೊಂಡರು.

ಆ ಕಾಲದ ನಮ್ಮ ಕನ್ನಡ ಕಡತಗಳು ಒಂದು ಬಗೆಯ ವೇಷ. ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಮೇಲೆ ಹೊದಿಸಿದ ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀರುಗಳು. ಯೂನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ನಾವು ಅದಕ್ಕೆ ಒಗ್ಗಿಕೊಳ್ಳಲು ಬಹಳ ವರ್ಷ ತೆಗೆದುಕೊಂಡೆವು. ಹೀಗಾಗಿ ಅಪ್ಪನ ಊರು ಎರಡನೆಯ ಸಲ ಮುಳುಗುವ ಭಯ ನನಗೆ. ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿತ್ತು. ಆದರೂ ಹಳೆಯ ಯಂತ್ರದ ಒಂದು ಮೂಲೆಯಲ್ಲಿ ಅದನ್ನು ಬದುಕಿಸಿಟ್ಟುಕೊಂಡಿದ್ದೆ.

ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನನ್ನು ಕೇಳಿದೆ. "ಅತ್ತೆ, ತಗೊಳ್ಳೋದು ತಗೋತೀರಿ, ಗಟ್ಟಿಯಾದ್ದೇ ತಗೊಳ್ಳಿ" ಎಂದ. ಅವನು ಕಳಿಸಿದ ಪಟ್ಟಿಯಲ್ಲಿ 32 ಜಿಬಿ ರ‍್ಯಾಮ್, ಒಂದು ಟಿಬಿ ಎಸ್‌ಎಸ್‌ಡಿ, ಭಾರೀ ಪ್ರೊಸೆಸರ್ ಇದ್ದವು. ಬೆಲೆ 1,30,000. ಒಂದೇ ಯಂತ್ರದಲ್ಲಿ ಹಲವು ವ್ಯವಸ್ಥೆಗಳನ್ನು ಇಡಲು ಎರಡು ದಾರಿಗಳಿವೆ ಎಂದು ವಿವರಿಸಿದ. ಡಿಸ್ಕನ್ನು ಪಾಲು ಮಾಡಿ ಒಂದೊಂದರಲ್ಲಿ ಒಂದೊಂದನ್ನು ಇಡುವುದು ಮೊದಲನೆಯದು. ಆಗ ಒಮ್ಮೆಗೆ ಒಂದೇ ಏಳುತ್ತದೆ, ಇನ್ನೊಂದು ಬೇಕಾದರೆ ಆರಿಸಿ ಹೊತ್ತಿಸಬೇಕು. ಎರಡನೆಯದು ವರ್ಚುವಲ್ ಮಷೀನ್. ಇಲ್ಲಿ ಒಂದು ವ್ಯವಸ್ಥೆ ಮನೆಯ ಯಜಮಾನ. ಉಳಿದವು ಅದರೊಳಗೇ ಏಕಕಾಲಕ್ಕೆ ಓಡುತ್ತವೆ. ತಮಾಷೆಯೆಂದರೆ, ಒಳಗಿರುವ ಒಂದೊಂದೂ ಇಡೀ ಯಂತ್ರ ತನ್ನದೇ ಎಂದುಕೊಂಡಿರುತ್ತದೆ. ಈ ಉಪಾಯ ಹೊಸದೂ ಅಲ್ಲವಂತೆ. ಕೋಣೆಗಾತ್ರದ ಕಂಪ್ಯೂಟರುಗಳಿದ್ದ 1960ರ ದಶಕದಲ್ಲೇ ಐಬಿಎಂನವರು ಇದನ್ನು ಮಾಡಿದ್ದರು. ಬಾಡಿಗೆದಾರರೆಲ್ಲ ತಾವೇ ಮಾಲೀಕರೆಂದು ನಂಬಿ ನೆಮ್ಮದಿಯಾಗಿರುವ ಮನೆ! ಆದರೆ ಇಂಥ ಮನೆಗೆ ಜಾಗ ಹೆಚ್ಚು ಬೇಕು, ಒಳಗಿರುವ ಪ್ರತಿಯೊಂದಕ್ಕೂ ರ‍್ಯಾಮಿನಲ್ಲಿ ಪಾಲು ಕೊಡಬೇಕು.

ಶಿವಮೊಗ್ಗದ ಅಂಗಡಿಗೆ ಹೋಗಿ ಆ ದೊಡ್ಡ ಯಂತ್ರವನ್ನು ನೋಡಿಯೂ ಬಂದೆ. ಗುಂಡಿ ಒತ್ತಿ ನಾಲ್ಕು ಎಣಿಸುವಷ್ಟರಲ್ಲಿ ಎದ್ದು ಕೂತಿತು. ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಮನಸ್ಸು ವಕೀಲನಂತೆ ವಾದ ಹೂಡತೊಡಗಿತು. ಮಕ್ಕಳಿಗೆ ಪಾಠ ಮಾಡಲು ತಾನೇ? ಅಪ್ಪನ ನೆನಪು ಉಳಿಸಲು ತಾನೇ? ನಿವೃತ್ತಿಗೆ ನಾಲ್ಕು ವರ್ಷವಿದೆ, ಇನ್ನೊಂದು ಕೊಳ್ಳುವ ಪ್ರಸಂಗ ಬಾರದು. ಸ್ವಂತಕ್ಕೆ ಒಂದು ರೇಷ್ಮೆ ಸೀರೆ ಕೊಳ್ಳುವಾಗ ಇಷ್ಟು ಸಮರ್ಥನೆ ಹುಡುಕಿದವಳಲ್ಲ ನಾನು. ಒಳ್ಳೆಯ ಕಾರಣಗಳು ಇಷ್ಟೊಂದು ಸಾಲಾಗಿ ಬಂದು ನಿಂತಾಗ ಎಲ್ಲೋ ಏನೋ ಹುಳುಕಿದೆ ಎಂಬ ಅನುಮಾನ ಹುಟ್ಟಿತು.

ಮನೆಗೆ ಬಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಈಗಿನ ವಿಂಡೋಸಿಗೆ ಧಾರಾಳವಾಗಿ 8 ಜಿಬಿ, ಉಬುಂಟುವಿಗೆ 5. ಇನ್ನು ಎಕ್ಸ್‌ಪಿ. ಅದು 2001ರಲ್ಲಿ ಬಂದಾಗ 128 ಎಂಬಿ ಇದ್ದರೆ ಸಾಕು ಎನ್ನುತ್ತಿದ್ದರು. ಒಂದು ಜಿಬಿ ಕೊಟ್ಟರೆ ಅದಕ್ಕೆ ಅರಮನೆ. ಎಲ್ಲ ಸೇರಿ 14. ಮೂರನ್ನೂ ಒಟ್ಟಿಗೆ ಓಡಿಸಿದರೂ 16 ಜಿಬಿಯ ಯಂತ್ರ ಸಾಕು. ಅದರ ಬೆಲೆ ಅರ್ಧ. ಹಾಗಾದರೆ ಮಿಕ್ಕ 16 ಜಿಬಿ ನನಗೆ ಯಾಕೆ ಬೇಕಾಗಿತ್ತು?

ಈ ಪ್ರಶ್ನೆ ಎರಡು ದಿನ ನನ್ನನ್ನು ಬಿಡಲಿಲ್ಲ. ಅಣ್ಣನ ಮಗನಿಗೆ ಅಂಥ ಯಂತ್ರ ಬೇಕು. ಅವನ ಕೆಲಸವೇ ಅದು, ಅವನ ಪಾಲಿಗೆ ಅದು ದುಂದಲ್ಲ. ಶಕ್ತಿಯನ್ನು ಬಯಸುವುದೇ ತಪ್ಪೆಂದು ನಾನು ಹೇಳಲಾರೆ. ಆದರೆ ನಾನು ಬಯಸಿದ್ದು ಕೆಲಸ ಮಾಡುವ ಶಕ್ತಿಯನ್ನಲ್ಲ, ಆರಿಸುವ ಕಷ್ಟದಿಂದ ಬಿಡುಗಡೆಯನ್ನು. ಎಲ್ಲಕ್ಕೂ ಜಾಗವಿದ್ದರೆ ಯಾವುದನ್ನೂ ಬಿಡಬೇಕಾಗಿಲ್ಲ. ಯಾವುದನ್ನೂ ಬಿಡಬೇಕಾಗಿಲ್ಲದಿದ್ದರೆ ಯಾವುದು ಮುಖ್ಯವೆಂದು ಯೋಚಿಸಬೇಕಾಗಿಯೂ ಇಲ್ಲ. ಅಟ್ಟ ದೊಡ್ಡದಿದ್ದ ಮನೆಗಳಲ್ಲಿ ಮುರಿದ ತೊಟ್ಟಿಲು, ತೂತಾದ ಹಂಡೆಗಳು ತಲೆಮಾರುಗಟ್ಟಲೆ ಬಿದ್ದಿರುವುದನ್ನು ನೀವೂ ಕಂಡಿರುತ್ತೀರಿ. ಅದನ್ನು ಹಳತರ ಮೇಲಿನ ಗೌರವ ಎನ್ನಬಹುದೆ?

ಅಪ್ಪನ ಕಡತವನ್ನೇ ತೆಗೆದುಕೊಳ್ಳಿ. ಅದನ್ನು ಕಾಪಾಡುತ್ತಿದ್ದೇನೆಂದು ಹೇಳಿಕೊಂಡು ತಿರುಗುತ್ತಿದ್ದ ನಾನು ಅವರು ಹೋದ ಮೇಲೆ ಒಮ್ಮೆಯೂ ಅದನ್ನು ಪೂರ್ತಿ ಓದಿರಲಿಲ್ಲ. ಅಣ್ಣನ ಮಗ ಅಜ್ಜನ ಒಂದು ಸಾಲನ್ನೂ ಓದಿರಲಿಲ್ಲ, ಓದುವಂತೆಯೂ ಇರಲಿಲ್ಲ. ಅವನ ಯಂತ್ರದಲ್ಲಿ ಅದು ತೆರೆಯದು. ನಾನು ಅದಕ್ಕೆ ಒಂದು ಬಲವಾದ ಪೆಟ್ಟಿಗೆ ಕೊಳ್ಳಹೊರಟಿದ್ದೆ. ಕೀಲಿ ಒಂದೇ, ಅದೂ ನನ್ನ ಹತ್ತಿರ. ನಾನು ಹೋದ ಮೇಲೆ?

ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಎಷ್ಟೋ ವರ್ಷದಿಂದ ಇವೆ, ಹಣವನ್ನೂ ಕೊಡಬೇಕಾಗಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಪರಿವರ್ತಿಸಿದ ಮೇಲೆ ಕೂತು ತಿದ್ದಬೇಕಲ್ಲ, ಆ ಕೆಲಸಕ್ಕೆ ಮೈಗಳ್ಳತನ. ಮೈಗಳ್ಳತನಕ್ಕೆ ನಾನು 65,000 ರೂಪಾಯಿ ಹೆಚ್ಚಿಗೆ ಕೊಡಲು ಸಿದ್ಧಳಾಗಿದ್ದೆ!

ಕೊನೆಗೆ 16 ಜಿಬಿಯದನ್ನೇ ತಂದೆ. ಅಣ್ಣನ ಮಗನ ಒಂದು ಮಾತು ಕೇಳಿದೆ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ ಮಾದರಿ ಬೇಡ, ಮುಂದೆ ಬೇಕೆನಿಸಿದರೆ ಹೆಚ್ಚಿಸಲು ಒಂದು ಜಾಗ ಖಾಲಿ ಇರಲಿ ಎಂದಿದ್ದ. ನನಗೆ ಹಿಡಿಸಿತು. ಇಂದಿಗೆ ಬೇಕಾದಷ್ಟು ಇಟ್ಟುಕೊಂಡು ನಾಳೆಗೆ ಬಾಗಿಲು ತೆರೆದಿಡುವುದು ಬೇರೆ, ನಾಳೆಯದನ್ನೆಲ್ಲ ಇಂದೇ ಹೊತ್ತು ತರುವುದು ಬೇರೆ.

ಹೊಸ ಯಂತ್ರದಲ್ಲಿ ಎಕ್ಸ್‌ಪಿಯನ್ನು ವರ್ಚುವಲ್ ಮಷೀನಿನೊಳಗೆ ಕೂರಿಸಿ, ಅದಕ್ಕೆ ಇಂಟರ್‌ನೆಟ್ಟಿನ ನಂಟು ಕೊಡದೆ, ಒಂದು ಕಿಟಕಿಯಲ್ಲಿ ಹಳೆಯ ಕಡತ, ಇನ್ನೊಂದರಲ್ಲಿ ಪರಿವರ್ತಿತ ಕನ್ನಡ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸುತ್ತಾ ಹೋದೆ. ಅರ್ಕಾವತ್ತುಗಳು ಜಾಗ ತಪ್ಪಿದ್ದವು, ಕೆಲವು ಒತ್ತಕ್ಷರಗಳು ಕಳಚಿ ಬಿದ್ದಿದ್ದವು, ನಡುನಡುವೆ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದ ಪದಗಳು ಹುಚ್ಚು ಕನ್ನಡವಾಗಿದ್ದವು. ದಿನಕ್ಕೆ ಮೂರು ಪುಟವಾದರೆ ಹೆಚ್ಚು. 83ನೆಯ ಪುಟದಲ್ಲಿ ಅಪ್ಪ ಊರು ಬಿಡುವಾಗ ಸಾಗಿಸಿದ ಸಾಮಾನುಗಳ ಲೆಕ್ಕವಿತ್ತು. ಮುಂಬಾಗಿಲು ಮತ್ತು ಅದರ ಚೌಕಟ್ಟು, ನಾಲ್ಕು ಕಂಬ, ಹೆಂಚು, ದೇವರ ಪೆಟ್ಟಿಗೆ, ಎರಡು ದನ. ಗಾಡಿಯಲ್ಲಿ ಇನ್ನೂ ಜಾಗವಿತ್ತಂತೆ. ನನ್ನ ಅಜ್ಜಿ ಒರಳುಕಲ್ಲು ಬೇಡವೆಂದಳಂತೆ. ಕಲ್ಲು ಎಲ್ಲಿಯಾದರೂ ಸಿಗುತ್ತದೆ, ಆ ಜಾಗದಲ್ಲಿ ಅಡಿಕೆ ಸಸಿ ಇಡಿ ಎಂದಳಂತೆ. ಇಪ್ಪತ್ತು ವರ್ಷದ ಹಿಂದೆ ನಾನೇ ಟೈಪು ಮಾಡಿದ ಸಾಲು ಅದು. ಆಗ ಬೆರಳುಗಳಷ್ಟೇ ಕೇಳಿಸಿಕೊಂಡಿದ್ದವು ಎಂದು ಕಾಣುತ್ತದೆ.

ಇನ್ನು ಹಳೆಯ ಲ್ಯಾಪ್‌ಟಾಪಿನ ಕಥೆ. ಅದನ್ನು ಶಾಲೆಗೆ ಕೊಡೋಣವೆಂದುಕೊಂಡೆ. ಆದರೆ ಕಾಫಿ ಕುಡಿದು ಮುಗಿದರೂ ಏಳದ ಯಂತ್ರವನ್ನು ಮಕ್ಕಳಿಗೆ ದಾಟಿಸಿ ದಾನವೆನ್ನಲು ನಾಚಿಕೆಯಾಯಿತು. ಪೇಟೆಯಲ್ಲಿ ರಿಪೇರಿ ಮಾಡುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅವನು ಹಳೆಯ ಹಾರ್ಡ್ ಡಿಸ್ಕ್ ತೆಗೆದು ಸಣ್ಣದೊಂದು ಎಸ್‌ಎಸ್‌ಡಿ, ಹೊಸ ಬ್ಯಾಟರಿ ಹಾಕಿ, ಹಗುರವಾದ ಲಿನಕ್ಸ್ ಕೂರಿಸಿದ. ಒಟ್ಟು ಖರ್ಚು ಆರು ಸಾವಿರದೊಳಗೆ. "ನೋಡಿ ಮೇಡಂ" ಎಂದು ಗುಂಡಿ ಒತ್ತಿದ. ಅರ್ಧ ನಿಮಿಷದಲ್ಲಿ ಎದ್ದಿತು.

ನಾನು ಸುಮ್ಮನೆ ನೋಡುತ್ತಾ ನಿಂತೆ. ಹೊಸ ವಿಂಡೋಸ್ ಅದರಲ್ಲಿ ಓಡುವಂತಿಲ್ಲ, ಆದ್ದರಿಂದ ನನಗೆ ಹೊಸದು ಬೇಕೇ ಇತ್ತು ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಅದು ಸುಳ್ಳಲ್ಲ. ಆದರೆ ಈ ಆರು ಸಾವಿರದ ಪ್ರಯೋಗವನ್ನು ನಾನು ಮೊದಲು ಮಾಡಲಿಲ್ಲ; ಕೊಡುವ ಹೊತ್ತಿಗೆ ಮಾಡಿದೆ. ಲ್ಯಾಪ್‌ಟಾಪು ಭೂಮಿಯ ಮೇಲೆ ಹೊರಿಸುವ ಭಾರದಲ್ಲಿ ದೊಡ್ಡ ಪಾಲು ನಾವು ಸುಡುವ ಕರೆಂಟಿನದಲ್ಲ, ಅದನ್ನು ತಯಾರಿಸುವುದರದು ಎಂದು ಎಂಟನೆಯ ತರಗತಿಗೆ ಪರಿಸರದ ಪಾಠದಲ್ಲಿ ಹೇಳಿದವಳೂ ನಾನೇ. 32 ಬೇಡ, 16 ಸಾಕು ಎಂದು ನಿರ್ಧರಿಸಿದಾಗ ಸಾಕೆನ್ನುವ ಅಳತೆ ಸಿಕ್ಕಿತೆಂದು ಬೀಗಿದ್ದೆ. ಅಳತೆ ಇನ್ನೂ ಸ್ವಲ್ಪ ಕೆಳಗಿತ್ತೋ ಏನೋ.

ಅಪ್ಪನ ಪುಟಗಳು ಮುಗಿದವು. ಅಣ್ಣನ ಮಗನಿಗೆ ಕಳಿಸಿದೆ. ಒಂದು ವಾರ ಸುದ್ದಿಯಿಲ್ಲ. ಆಮೇಲೊಂದು ರಾತ್ರಿ ಫೋನು ಮಾಡಿ, "ಅತ್ತೆ, ಆ ಮುಂಬಾಗಿಲು ಈಗ ನಮ್ಮನೆಯಲ್ಲಿರೋದೇನಾ?" ಎಂದು ಕೇಳಿದ.

ಹೌದೆಂದೆ.