ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ ಹಿರಿಯರು. ಕೆಲವು ಕಡೆ ‘ಉಂಡ ಮನೆಯ ಗಳ ಹಿರಿಯುವವ’ ಎಂದು ಬೈಯುವುದುಂಟು. ಗಳ ಹಿರಿಯುವುದು ಕಳವೇ, ಅದು ತಪ್ಪೆಂದು ಹೇಳಲು ಗಾದೆ ಬೇಕಿಲ್ಲ. ಜಂತೆ ಎಣಿಸುವವನಾದರೋ ಇನ್ನೂ ಏನನ್ನೂ ಮುಟ್ಟಿಲ್ಲ. ಊಟ ಮುಗಿಸಿ, ಗೋಡೆಗೊರಗಿ, ತಲೆಯೆತ್ತಿ ನೋಡುತ್ತಿದ್ದಾನೆ, ಅಷ್ಟೆ. ಆದರೂ ಗಾದೆ ತಡೆಯುವುದು ಅವನನ್ನೇ. ಮಾಡು ಎಲ್ಲಿ ಸಡಿಲವಾಗಿದೆ ಎಂಬುದು ಹೊರಗಿನ ಕಳ್ಳನಿಗೆ ಗೊತ್ತಿರುವುದಿಲ್ಲ. ಒಳಗೆ ಕೂರಿಸಿ ಬಡಿಸಿದ್ದರಿಂದಲೇ ಇವನಿಗೆ ಗೊತ್ತಾಯಿತು.

ಕೆಲಸದ ಜಾಗದಲ್ಲಿ ನಡೆಯುವ ಹಣದ ಮೋಸ ಹುಟ್ಟುವುದು ನಂಬಿಕೆಯಿಂದ ಸಿಕ್ಕ ಈ ತಿಳಿವಳಿಕೆಯಲ್ಲೇ. ನಮ್ಮ ಪೇಟೆಬೀದಿಯ ಪಿಗ್ಮಿಯನ್ನೇ ನೋಡಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಕರಾವಳಿಯ ಸಂಸ್ಥೆ 1928ರಲ್ಲಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಪಡೆದು ಶುರುಮಾಡಿದ ಉಳಿತಾಯ ಅದು. ಬ್ಯಾಂಕಿನ ಮೆಟ್ಟಿಲು ಹತ್ತದವರ ಕೈಗೂ ನಾಲ್ಕು ಕಾಸು ಸೇರಿಸಿಕೊಟ್ಟ ದೊಡ್ಡ ಕೆಲಸ. ಆಮೇಲೆ ಊರೂರಿನ ಸೊಸೈಟಿಗಳೂ ಅದನ್ನು ಹಿಡಿದವು.

ಹೂವು ಮಾರುವಾಕೆ ಮೊಗ್ಗು ಕಟ್ಟುತ್ತಲೇ ನೋಟು ಚಾಚುತ್ತಾಳೆ, ಕಾರ್ಡಿನಲ್ಲಿ ಏನು ಬರೆದರೆಂದು ನೋಡುವುದಿಲ್ಲ. ಯಾರು ಪಾಸ್‌ಬುಕ್ ತೆರೆಯುವುದಿಲ್ಲ, ಯಾರ ಖಾತೆ ಯಾವ ತಿಂಗಳು ಮುಗಿಯುತ್ತದೆ, ಎಲ್ಲವೂ ಕಲೆಕ್ಷನ್ನಿನವನಿಗೆ ಗೊತ್ತು. ಅವನ ಮನೆಯಲ್ಲೊಂದು ಅಡಚಣೆ ಬಂತೆನ್ನಿ. ಇವತ್ತು ಅವಳ ದುಡ್ಡು ಜೇಬಿನಲ್ಲೇ ಉಳಿಯುತ್ತದೆ. ನಾಳೆ ಸೈಕಲ್ ಅಂಗಡಿಯವರು ಕೊಟ್ಟದ್ದು ಅವಳ ಹೆಸರಿಗೆ ಜಮೆಯಾಗುತ್ತದೆ, ನಾಡಿದ್ದು ಇನ್ಯಾರದೋ ಸೈಕಲ್ ಅಂಗಡಿಯವರ ಹೆಸರಿಗೆ. ‘ಕದ್ದಿಲ್ಲ, ಕೈಬದಲು ಮಾಡಿದ್ದೇನೆ, ಕಟ್ಟಿಬಿಡ್ತೀನಿ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಈ ಸರಪಳಿ ತುಂಡಾಗದಿರಲು ಅವನು ಜ್ವರ ಬಂದರೂ ರಜೆ ಹಾಕುವಂತಿಲ್ಲ. ನಗದು ಮುಟ್ಟುವ ನೌಕರರಿಗೆ ಕಡ್ಡಾಯವಾಗಿ ರಜೆ ಕೊಟ್ಟು ಬೇರೆಯವರನ್ನು ಕೂರಿಸಬೇಕು ಎಂದು ಲೆಕ್ಕಪರಿಶೋಧಕರು ಹೇಳುವುದು ಇದಕ್ಕೇ.

ಈ ಕೈಚಳಕ ಬಹಳ ಹಳೆಯದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೊಕ್ಕಸದ ಹಣ ನುಂಗುವ 40 ದಾರಿಗಳ ಪಟ್ಟಿಯಿದೆ. ಮೊದಲು ಬಂದದ್ದನ್ನು ಆಮೇಲೆ ಬಂದಂತೆ ಬರೆಯುವುದು ಅದರ ಆರಂಭದಲ್ಲೇ ಬರುತ್ತದೆ.

ಕಾನೂನೂ ಗಾದೆಯ ಕಡೆಗೇ ನಿಂತಿದೆ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಸಾಮಾನ್ಯ ಕಳವಿಗೆ, ಮೊದಲ ಸಲವಾದರೆ, ಗರಿಷ್ಠ 3 ವರ್ಷ ಸೆರೆ. ಗುಮಾಸ್ತನೋ ಆಳೋ ಧಣಿಯ ಸೊತ್ತು ಕದ್ದರೆ 7 ವರ್ಷದವರೆಗೆ. ಇದು ಸರಿ ಎಂದೇ ನನಗನ್ನಿಸುತ್ತದೆ. ಒಬ್ಬ ಹೀಗೆ ಮಾಡಿದನೆಂದರೆ ಅದೇ ಬೀದಿಯಲ್ಲಿ ಬಿಸಿಲಲ್ಲಿ ಅಲೆಯುವ ಪ್ರಾಮಾಣಿಕ ಕಲೆಕ್ಷನ್ನಿನವರನ್ನೂ ಅಂಗಡಿಯವರು ಅನುಮಾನದಿಂದಲೇ ನೋಡುತ್ತಾರೆ.

ಆದರೆ ಗಾದೆಯಲ್ಲಿ ಜಂತೆಗಿಂತ ಮೊದಲು ಊಟವಿದೆ. ನೌಕರರಿಗೆ ಸಲ್ಲಬೇಕಾದದ್ದನ್ನು ನುಂಗುವ ಮಾಲೀಕರನ್ನು ಬಿಟ್ಟು ಈ ಮಾತಾಡುವುದು ಅನ್ಯಾಯ. ಸಂಬಳದಿಂದ ಪಿ.ಎಫ್. ಕಡಿದು ಖಾತೆಗೆ ಕಟ್ಟದ ಧಣಿಗಳಿದ್ದಾರೆ. ಸಂಬಳದ ಚೀಟಿಯನ್ನು ಯಾರೂ ಬಿಡಿಸಿ ಓದುವುದಿಲ್ಲ ಎಂಬುದು ಅವರಿಗೆ ಗೊತ್ತು. ಹಾಗೆ ಕಡಿದ ಹಣ ಧಣಿಯ ಬಳಿ ನಂಬಿ ಇಟ್ಟದ್ದು, ಕಟ್ಟದಿದ್ದರೆ ಅದು ನಂಬಿಕೆದ್ರೋಹ ಎಂದು ಅದೇ ಸಂಹಿತೆ ಹೇಳುತ್ತದೆ. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಆ ಹಣ ಖಾತೆಗೆ ಬೀಳಬೇಕು. ಬಿತ್ತೋ ಇಲ್ಲವೋ ಎಂದು ಪಾಸ್‌ಬುಕ್ ತೆರೆದು ನೋಡುವ, ಕೇಳುವ ಹಕ್ಕು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೂ ಇದೆ.